ಜೂನ್ ಕೊನೆಯಲ್ಲಿ ಆಲ್ಪ್ಸ್‌ನ ಓಶಿನೆನ್ ಸರೋವರಕ್ಕೆ ಒಂದು ದಿನದ ಚಾರಣ: ಅರವತ್ತು ದಾಟಿದವರಿಗೆ ಸಾಧ್ಯವೇ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದವನು. ಮಗಳು ಮತ್ತು ಅಳಿಯ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿದ್ದಾರೆ. ಬರುವ ಜೂನ್ ಕೊನೆಯ ವಾರದಿಂದ ನಾನೂ ನಮ್ಮ ಮನೆಯವರೂ ಒಂದು ತಿಂಗಳ ಕಾಲ ಅವರ ಮನೆಯಲ್ಲಿ ಇರಲಿದ್ದೇವೆ. ಊರೂರು ಸುತ್ತಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ನಮಗಿಬ್ಬರಿಗೂ ಅಷ್ಟಾಗಿ ಆಸಕ್ತಿಯಿಲ್ಲ. ಆದರೆ ವರ್ಷಗಟ್ಟಲೆ ಮಕ್ಕಳಿಗೆ ನಕ್ಷೆಯಲ್ಲಿ ತೋರಿಸಿದ ಆಲ್ಪ್ಸ್ ಪರ್ವತಗಳ ನಡುವೆ ಒಂದು ಸರೋವರದವರೆಗಾದರೂ ಕಾಲ್ನಡಿಗೆಯಲ್ಲಿ ಹೋಗಿ, ಅಂದೇ ಸಂಜೆ ಮನೆ ಸೇರಬೇಕೆಂಬ ಆಸೆಯಿದೆ.

ಮಗಳು ಕಾಂಡರ್‌ಸ್ಟೆಗ್ ಎಂಬ ಹಳ್ಳಿಯ ಮೇಲಿರುವ ಓಶಿನೆನ್ ಸರೋವರವನ್ನು ಸೂಚಿಸಿದ್ದಾಳೆ. ವಾರದ ನಡುವೆ ಅವರಿಬ್ಬರಿಗೂ ರಜೆ ಸಿಗುವುದು ಕಷ್ಟವಾದ್ದರಿಂದ ನಾವಿಬ್ಬರೇ ಹೋಗಬೇಕಾದೀತು. ನನಗೀಗ ಅರವತ್ಮೂರು, ಅವರಿಗೆ ಅರವತ್ತು. ಸುಲ್ತಾನ್‌ಪೇಟೆಯಿಂದ ಮೆಟ್ಟಿಲು ಹಿಡಿದು ನಂದಿಬೆಟ್ಟಕ್ಕೆ ಆಗಾಗ ಹೋಗುವ ರೂಢಿ ನಮಗಿದೆ. ಹತ್ತುವಾಗ ಅವರಿಗೆ ಯಾವ ತೊಂದರೆಯೂ ಇಲ್ಲ. ಇಳಿಯುವಾಗ ಮಾತ್ರ ಬಲಗಾಲಿನ ಮಂಡಿ ನೋಯುತ್ತದೆ.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ಆ ಎತ್ತರದಲ್ಲಿ ನಮ್ಮ ವಯಸ್ಸಿನವರಿಗೆ ಉಸಿರಾಟದ ತೊಂದರೆ ಆದೀತೇ? ಜೂನ್ ಕೊನೆಯಲ್ಲಿ ದಾರಿಯ ಮೇಲೆ ಹಿಮ ಉಳಿದಿರುತ್ತದೆಯೇ? ಸರೋವರದ ಮೇಲ್ಭಾಗದಲ್ಲಿ ಸುತ್ತುಹಾದಿಯೊಂದಿದೆ ಎಂದು ಓದಿದ್ದೇನೆ. ಅದನ್ನೂ ಮುಗಿಸಿ ಸಂಜೆಯೊಳಗೆ ಬರ್ನ್‌ಗೆ ಮರಳುವುದು ಸಾಧ್ಯವೇ?

ಗೌರಿಬಿದನೂರಿನವ (ಈಗ ಥೂನ್ ವಾಸಿ)

ಮೇಷ್ಟ್ರಿಗೆ ನಮಸ್ಕಾರ. ಎತ್ತರದ ಬಗೆಗಿನ ಆತಂಕವನ್ನು ಮೊದಲು ಬಿಟ್ಟುಬಿಡಿ. ಓಶಿನೆನ್ ಸರೋವರವಿರುವುದು 1,578 ಮೀಟರ್ ಎತ್ತರದಲ್ಲಿ. ನೀವು ಆಗಾಗ ಹತ್ತುವ ನಂದಿಬೆಟ್ಟದ ನೆತ್ತಿಯೇ 1,478 ಮೀಟರ್ ಇದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಮೊದಲೇ ಇದ್ದರೆ ವೈದ್ಯರನ್ನು ಕೇಳಬೇಕು. ಇಲ್ಲದಿದ್ದರೆ ಉಸಿರಿನ ಚಿಂತೆ ಬೇಡ. ಆದರೆ ಎತ್ತರ ಒಂದೇ ಎಂದ ಮಾತ್ರಕ್ಕೆ ಹವೆಯೂ ಒಂದೇ ಎಂದು ಭಾವಿಸಬೇಡಿ. ಅಕ್ಷಾಂಶದ ವ್ಯತ್ಯಾಸವನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಡಿಸೆಂಬರಿನಲ್ಲಿ ಹೆಪ್ಪುಗಟ್ಟಿದ ಈ ಸರೋವರ ಸಾಮಾನ್ಯವಾಗಿ ಮೇ ತಿಂಗಳವರೆಗೂ ಹಾಗೆಯೇ ಇರುತ್ತದೆ. ಜೂನ್ ಕೊನೆಯ ಹೊತ್ತಿಗೆ ದಡದ ದಾರಿ ಬಯಲಾಗಿರುತ್ತದೆ. ಮೇಲಿನ ಸುತ್ತುಹಾದಿಯ ನೆರಳಿನ ತಿರುವುಗಳಲ್ಲಿ ಮಾತ್ರ ಕೆಲವು ವರ್ಷ ಹಿಮದ ತುಣುಕುಗಳು ಉಳಿದಿರುವುದುಂಟು.

ಇನ್ನು ದಾರಿ. ಬರ್ನ್‌ನಿಂದ ಥೂನ್, ಸ್ಪೀಟ್ಸ್ ಮಾರ್ಗವಾಗಿ ಕಾಂಡರ್‌ಸ್ಟೆಗ್‌ಗೆ ನೇರ ರೈಲಿದೆ; ಪ್ರಯಾಣ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. 2007ರಲ್ಲಿ ಲೋಚ್‌ಬೆರ್ಗ್‌ನ ತಳಸುರಂಗ ತೆರೆದ ಮೇಲೆ ವೇಗದ ರೈಲುಗಳೆಲ್ಲ ಕೆಳಗಿನಿಂದಲೇ ಹೋಗುತ್ತವೆ. ನಿಮಗೆ ಬೇಕಾದದ್ದು 1913ರ ಹಳೆಯ ಬೆಟ್ಟದ ಮಾರ್ಗದಲ್ಲಿ ಹೋಗುವ ಪ್ರಾದೇಶಿಕ ರೈಲು. ವೇಗದ ರೈಲು ಹತ್ತಿದರೆ ಅದು ಕಾಂಡರ್‌ಸ್ಟೆಗ್‌ನಲ್ಲಿ ನಿಲ್ಲದೆ ಪರ್ವತದ ಆಚೆ ಬದಿಯ ಫಿಸ್ಪ್ ಪಟ್ಟಣಕ್ಕೆ ಒಯ್ಯುತ್ತದೆ. ಕಾಂಡರ್‌ಸ್ಟೆಗ್ ನಿಲ್ದಾಣದಿಂದ ಕೇಬಲ್ ಕಾರ್ ಹತ್ತುವ ಜಾಗಕ್ಕೆ ಕಾಲು ಗಂಟೆಯ ನಡಿಗೆ.

ಕೇಬಲ್ ಕಾರ್ ನಿಮ್ಮನ್ನು ಸುಮಾರು 1,680 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿ ಒಂದು ಕವಲಿದೆ. ಅಗಲವಾದ ದಾರಿ ನಿಧಾನವಾಗಿ ಇಳಿಯುತ್ತಾ ಅರ್ಧ ಗಂಟೆಯೊಳಗೆ ಸರೋವರವನ್ನು ಮುಟ್ಟಿಸುತ್ತದೆ. ಇನ್ನೊಂದು ಎಡಕ್ಕೆ ಏರಿ, ಹಾಯ್‌ಬೆರ್ಗ್ ಮೂಲಕ ಸರೋವರವನ್ನು ನೇರ ಕೆಳಗೆ ಕಾಣುತ್ತಾ ಬೆಟ್ಟದ ಪಕ್ಕೆಯಲ್ಲಿಯೇ ಸಾಗಿ, ಸುಮಾರು 1,970 ಮೀಟರ್ ಎತ್ತರದ ಓಬರ್‌ಬೆರ್ಗ್ಲಿ ಎಂಬ ಹುಲ್ಲುಗಾವಲಿನ ದೊಡ್ಡಿಯನ್ನು ತಲುಪಿ, ಅಲ್ಲಿಂದ ಉಂಟರ್‌ಬೆರ್ಗ್ಲಿ ಮೂಲಕ ದಡಕ್ಕೆ ಇಳಿಯುತ್ತದೆ. ನೀವು ಓದಿರುವ ಸುತ್ತುಹಾದಿ ಇದೇ. ಒಟ್ಟು ದೂರ ಎಂಟೊಂಬತ್ತು ಕಿಲೋಮೀಟರ್. ಹಳದಿ ಫಲಕಗಳಲ್ಲಿ ಬರೆದಿರುವ ಸಮಯವನ್ನು ಇದ್ದಂತೆಯೇ ನಂಬಬೇಡಿ. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 4.2 ಕಿಲೋಮೀಟರ್ ನಡೆಯುವವರನ್ನು ಲೆಕ್ಕಕ್ಕೆ ಹಿಡಿದು, ವಿಶ್ರಾಂತಿಯನ್ನು ಸೇರಿಸದೆ ಬರೆದ ಸಮಯ ಅದು. ಫಲಕದಲ್ಲಿ ಮೂರು ಗಂಟೆ ಎಂದಿದ್ದರೆ ನೀವು ಐದು ಗಂಟೆ ಇಟ್ಟುಕೊಳ್ಳಿ.

ಬರೀ ಹಳದಿ ಫಲಕವಿದ್ದರೆ ಅದು ಸಾಧಾರಣ ಕಾಲ್ದಾರಿ. ಹಳದಿ ಫಲಕದ ತುದಿಯಲ್ಲಿ ಬಿಳಿ-ಕೆಂಪು-ಬಿಳಿ ಪಟ್ಟೆಯಿದ್ದರೆ ಅದು ಪರ್ವತದ ದಾರಿ. ಹೆಜ್ಜೆ ಸ್ಥಿರವಾಗಿರಬೇಕು, ಪ್ರಪಾತದ ಅಂಚಿನಲ್ಲಿ ತಲೆ ತಿರುಗಬಾರದು. ಮೇಲಿನ ಸುತ್ತುಹಾದಿ ಈ ಬಗೆಯದು. ನೀಲಿ ಫಲಕದ ದಾರಿಗಳು ನಮ್ಮಂಥವರಿಗಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಸರೋವರದ ಪಕ್ಕದಲ್ಲಿ ಸ್ಪಿಟ್ಸೆ ಸ್ಟೈ ಎಂಬ ಶಿಖರವಿದೆ. ಅದರ ಬಂಡೆಗಳನ್ನು ಒಳಗಿನಿಂದ ಹಿಡಿದಿಟ್ಟಿದ್ದ ಹೆಪ್ಪುನೆಲ ಕರಗುತ್ತಿರುವುದರಿಂದ ಶಿಖರ ಸಡಿಲವಾಗುತ್ತಿದೆ. ಅಧಿಕಾರಿಗಳು ಅದರ ಚಲನೆಯನ್ನು ನಿರಂತರವಾಗಿ ಅಳೆಯುತ್ತಿದ್ದಾರೆ ಮತ್ತು ಅಪಾಯದ ವಲಯದಲ್ಲಿ ಬರುವ ಕೆಲವು ಕಾಲ್ದಾರಿಗಳನ್ನು ಮುಚ್ಚಿದ್ದಾರೆ. ಅಡ್ಡಗಟ್ಟಿದ ದಾರಿಯನ್ನು ಇಲ್ಲಿನವರು ದಾಟುವುದಿಲ್ಲ, ನೀವೂ ದಾಟಬೇಡಿ. ಇದೇ ಪರ್ವತಸಾಲಿನ ಆಚೆ ಬದಿಯ ಬ್ಲಾಟನ್ ಗ್ರಾಮದ ಮೇಲೆ 2025ರ ಮೇ 28ರಂದು ಬಂಡೆ ಮತ್ತು ಹಿಮನದಿ ಒಟ್ಟಿಗೆ ಕುಸಿದು ಊರಿನ ಬಹುಭಾಗ ಹೂತುಹೋಯಿತು. ಅಲ್ಲಿನ ಸುಮಾರು 300 ಜನರನ್ನು ಕೆಲವೇ ದಿನಗಳ ಹಿಂದೆ ಸ್ಥಳಾಂತರಿಸಿದ್ದರಿಂದಲೇ ದೊಡ್ಡ ಜೀವಹಾನಿ ತಪ್ಪಿತು. ಓಶಿನೆನ್ ಸರೋವರವೇ ಹುಟ್ಟಿದ್ದು ಹಿಂದೆಂದೋ ಬೆಟ್ಟ ಕುಸಿದು ಕಣಿವೆಗೆ ಅಡ್ಡಗಟ್ಟಿದ್ದರಿಂದ. ಅದರ ನೀರು ಕೋಡಿ ಹರಿದು ಹೋಗುವುದಿಲ್ಲ. ಆ ಕುಸಿತದ ಕಲ್ಲುರಾಶಿಯ ಅಡಿಯಿಂದ ಇಂಗಿ ಕೆಳಗೆ ಹೊರಬರುತ್ತದೆ. ಕೆರೆಗಳ ಜಿಲ್ಲೆಯಿಂದ ಬರುವ ನೀವು ಇದನ್ನು ಗಮನಿಸದೆ ಇರಲಾರಿರಿ.

ನನ್ನ ಸಲಹೆ ಇದು. ಬೆಳಿಗ್ಗೆ ಎಂಟರೊಳಗೆ ಬರ್ನ್ ಬಿಡಿ. ಜುಲೈ ಆಸುಪಾಸಿನಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಆದ್ದರಿಂದ ಕತ್ತಲೆಯ ಭಯವಿಲ್ಲ. ಮಧ್ಯಾಹ್ನದ ಮೇಲೆ ಕವಿಯುವ ಗುಡುಗು ಮಳೆಯ ಭಯವಿದೆ. ಎರಡು ಗಂಟೆಯೊಳಗೆ ಎತ್ತರದ ಭಾಗವನ್ನು ಮುಗಿಸಿ ದಡದಲ್ಲಿರುವಂತೆ ನೋಡಿಕೊಳ್ಳಿ. ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆ ಎಂಬುದು ಋತುವಿನೊಂದಿಗೆ ಬದಲಾಗುವುದರಿಂದ, ಹತ್ತುವ ಮೊದಲೇ ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ.

ಚಿಂತಾಮಣಿಯ ಚಾರಣಿಗ

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಸುತ್ತುಹಾದಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮೇಷ್ಟ್ರು ಸ್ಪಷ್ಟವಾಗಿ ಬರೆದಿದ್ದಾರೆ: ಅಮ್ಮನವರಿಗೆ ನೋವು ಬರುವುದು ಇಳಿಯುವಾಗ. ಓಬರ್‌ಬೆರ್ಗ್ಲಿಯಿಂದ ದಡದವರೆಗೆ ಸುಮಾರು ನಾನೂರು ಮೀಟರ್ ಇಳಿಯಬೇಕು, ಅದೂ ಕಡಿದಾದ ತಿರುವುಗಳಲ್ಲಿ, ಬೇರು ಮತ್ತು ಕಲ್ಲುಗಳ ಮೇಲೆ. ಏರುದಾರಿಯಲ್ಲಿ ಸುಸ್ತಾದರೆ ಕುಳಿತು ಸುಧಾರಿಸಿಕೊಳ್ಳಬಹುದು; ಇಳಿಜಾರಿನ ನಡುವೆ ಮಂಡಿ ಹಿಡಿದುಕೊಂಡರೆ ಕೂತರೂ ಪ್ರಯೋಜನವಿಲ್ಲ, ಏಕೆಂದರೆ ಮುಂದೆಯೂ ಇಳಿಯಲೇಬೇಕು. ಕೆಳಗೆ ತಲುಪಿದ ಮೇಲೆ ಕೇಬಲ್ ಕಾರಿನ ನಿಲ್ದಾಣಕ್ಕೆ ಮತ್ತೆ ನೂರು ಮೀಟರ್ ಏರುವುದು ಬೇರೆ ಬಾಕಿ ಇರುತ್ತದೆ.

ಆದ್ದರಿಂದ ಹೀಗೆ ಮಾಡಬಹುದು. ಇಬ್ಬರೂ ಹಾಯ್‌ಬೆರ್ಗ್‌ವರೆಗೆ ಏರಿ, ಅಲ್ಲಿಂದ ಸರೋವರವನ್ನು ಕಣ್ತುಂಬ ನೋಡಿ, ಬಂದ ದಾರಿಯಲ್ಲಿಯೇ ಹಿಂತಿರುಗಿ, ನಂತರ ಅಗಲದ ದಾರಿಯಲ್ಲಿ ದಡಕ್ಕೆ ಹೋಗುವುದು. ಏರಿಳಿತ ಇದ್ದೇ ಇರುತ್ತದೆ, ಆದರೆ ಇಳಿಯುವ ಪಾಲು ಒಂದೇ ಉಸಿರಿಗೆ ಮಂಡಿಯ ಮೇಲೆ ಬೀಳುವುದಿಲ್ಲ. ಬ್ಲ್ಯೂಮ್ಲಿಸಾಲ್ಪ್ ಶಿಖರಸಾಲು 3,600 ಮೀಟರಿಗೂ ಎತ್ತರಕ್ಕೆ ಎದ್ದು ನಿಂತಿರುವುದು ಅಲ್ಲಿಂದಲೂ ಕಾಣುತ್ತದೆ. ಸುತ್ತು ಪೂರ್ತಿ ಮಾಡಿದವರಿಗೆ ಮಾತ್ರ ಮೀಸಲಾದ ನೋಟವೇನೂ ಅಲ್ಲ.

ಇಳಿಯುವುದೇ ಬೇಡ ಎನ್ನುವುದಾದರೆ ಇನ್ನೊಂದು ಸರೋವರವಿದೆ. ಗ್ರಿಂಡೆಲ್‌ವಾಲ್ಡ್‌ನಿಂದ ಕೇಬಲ್ ಕಾರಿನಲ್ಲಿ 2,168 ಮೀಟರ್ ಎತ್ತರದ ಫಿರ್ಸ್ಟ್‌ಗೆ ಹೋದರೆ, ಅಲ್ಲಿಂದ 2,265 ಮೀಟರ್ ಎತ್ತರದ ಬಾಖಾಲ್ಪ್ ಸರೋವರಕ್ಕೆ ಸುಮಾರು ಮೂರು ಕಿಲೋಮೀಟರ್ ಹಿತವಾದ ದಾರಿ. ಗಾಳಿಯಿಲ್ಲದ ಬೆಳಿಗ್ಗೆ ಶ್ರೆಕ್‌ಹಾರ್ನ್ ಶಿಖರದ ಬಿಂಬ ನೀರಿನಲ್ಲಿ ಕಾಣುತ್ತದೆ. ಆದರೆ ಅಲ್ಲಿ ಎತ್ತರ ಹೆಚ್ಚಾದ್ದರಿಂದ ಜೂನ್ ಕೊನೆಯಲ್ಲಿ ಹಿಮ ಉಳಿದಿರುವ ಸಾಧ್ಯತೆಯೂ ಹೆಚ್ಚು. ಜನಸಂದಣಿಯಂತೂ ಹೇಳುವುದೇ ಬೇಡ. ಜುಲೈ ಮೂರನೆಯ ವಾರದಲ್ಲಿ ಹೋಗುವಿರಾದರೆ ಯೋಚಿಸಿ.

ಹೊರಡುವ ಮೊದಲಿನ ಎರಡು ತಿಂಗಳು ಇಬ್ಬರೂ ನಂದಿಯ ಮೆಟ್ಟಿಲುಗಳನ್ನು ಇಳಿಯುವುದನ್ನೇ ಅಭ್ಯಾಸ ಮಾಡಿ. ಬಸ್ಸಿನಲ್ಲಿ ಮೇಲೆ ಹೋಗಿ ನಡೆದು ಇಳಿದರೂ ಸರಿಯೇ. ಎರಡು ಕೈಗೂ ಒಂದೊಂದು ಚಾರಣದ ಕೋಲು ಹಿಡಿದು, ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಭಾರವನ್ನು ಅದರ ಮೇಲೆ ಹಾಕಿ, ಆಮೇಲೆ ನೋವಿನ ಕಾಲನ್ನು ಇಳಿಸುವುದನ್ನು ಅವರು ಇಲ್ಲಿಯೇ ರೂಢಿಸಿಕೊಳ್ಳಬೇಕು. ಹೊಸ ಬೂಟನ್ನೂ ಇಲ್ಲಿಯೇ ಪಳಗಿಸಿ. ಬೂಟಿನ ಮುಂಭಾಗದಲ್ಲಿ ಹೆಬ್ಬೆರಳು ತಾಗುತ್ತಿದ್ದರೆ ಒಂದು ಅಳತೆ ದೊಡ್ಡದನ್ನು ಕೊಳ್ಳಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಇಬ್ಬರಿಗೂ ಕೃತಜ್ಞತೆಗಳು. ಎರಡನ್ನೂ ನಮ್ಮ ಮನೆಯವರಿಗೆ ಓದಿ ಹೇಳಿದೆ. ಹಾಯ್‌ಬೆರ್ಗ್‌ವರೆಗೆ ಏರಿ ಹಿಂತಿರುಗುವ ಯೋಜನೆಯೇ ಸರಿ ಎಂದು ಅವರು ತೀರ್ಪು ಕೊಟ್ಟರು; ನಾನೊಬ್ಬನೇ ಸುತ್ತು ಮುಗಿಸಿ ಬರುತ್ತೇನೆಂದರೆ ಅದಕ್ಕೆ ಅನುಮತಿ ಸಿಗಲಿಲ್ಲ. ಉಳಿದಿರುವುದು ಊಟ, ವಿಮೆ ಮತ್ತು ಟಿಕೆಟ್. ನಾವು ಶುದ್ಧ ಸಸ್ಯಾಹಾರಿಗಳು. ಇಲ್ಲಿಂದ ಏನೇನು ತೆಗೆದುಕೊಂಡು ಹೋಗಬಹುದು? ಚಾರಣದಲ್ಲಿ ಪೆಟ್ಟಾದರೆ ವೀಸಾಕ್ಕೆ ಮಾಡಿಸುವ ವಿಮೆಯೇ ಸಾಕಾಗುತ್ತದೆಯೇ?

ಶಿಡ್ಲಘಟ್ಟ ಗೃಹಿಣಿ

ಸರ್, ಊಟದ ವಿಚಾರವನ್ನು ನಾನು ಬರೆಯುತ್ತೇನೆ, ಏಕೆಂದರೆ ಈ ಸಾಲುಗಳನ್ನು ಅಮ್ಮನವರೂ ಕೇಳುತ್ತಾರೆ. ಭಾರತದಿಂದ ಸ್ವಿಟ್ಜರ್ಲೆಂಡಿಗೆ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತೆಗೆದುಕೊಂಡು ಹೋಗುವಂತಿಲ್ಲ. ತುಪ್ಪದ ಡಬ್ಬಿ, ಪೇಡ, ಹಾಲುಕೋವಾ ಮೊದಲಾದವನ್ನು ಮಗಳಿಗೆ ಎಷ್ಟೇ ಇಷ್ಟವಾದರೂ ಚೀಲಕ್ಕೆ ಹಾಕಬೇಡಿ. ಚಟ್ನಿಪುಡಿ, ಹುರಿಹಿಟ್ಟು, ಎಣ್ಣೆಯಲ್ಲಿ ಕರಿದ ಕೋಡುಬಳೆ, ನಿಪ್ಪಟ್ಟು, ಪುಳಿಯೋಗರೆ ಗೊಜ್ಜು ಇವುಗಳಲ್ಲಿ ಹಾಲಿನ ಅಂಶವಿಲ್ಲ. ತುಪ್ಪ, ಮೊಸರು ಅಲ್ಲಿಯ ಅಂಗಡಿಗಳಲ್ಲಿ ಒಳ್ಳೆಯವೇ ಸಿಗುತ್ತವೆ.

ಚಾರಣದ ದಿನ ಬೆಳಿಗ್ಗೆ ಮಗಳ ಮನೆಯಲ್ಲಿಯೇ ಚಪಾತಿ ಮಾಡಿ, ಒಳಬದಿಗೆ ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಸವರಿ, ಸುರುಳಿ ಸುತ್ತಿ ಒಯ್ಯಿರಿ. ಅನ್ನದ ಬುತ್ತಿ ತಣ್ಣನೆಯ ಗಾಳಿಗೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಚಪಾತಿ ಹಾಗಾಗುವುದಿಲ್ಲ. ದಡದಲ್ಲಿ ಹೋಟೆಲುಗಳಿವೆ, ಬಿಸಿ ಕಾಫಿ ಸಿಗುತ್ತದೆ, ಆದರೆ ದರ ನೋಡಿದರೆ ನಮ್ಮವರಿಗೆ ಕೈ ತಡೆಯುತ್ತದೆ. ಹಳ್ಳಿಯ ಕಾರಂಜಿತೊಟ್ಟಿಗಳಲ್ಲಿ ಕುಡಿಯುವ ನೀರು ಸದಾ ಬೀಳುತ್ತಿರುತ್ತದೆ. ಕುಡಿಯಬಾರದು ಎಂಬ ಫಲಕವಿಲ್ಲದ ಕಡೆ ಬಾಟಲಿ ತುಂಬಿಸಿಕೊಳ್ಳಿ. ದನ ಮೇಯುವ ಜಾಗದಲ್ಲಿ ಹರಿಯುವ ತೊರೆಯ ನೀರು ಬೇಡ.

ದನಗಳೆಂದಾಗ ನೆನಪಾಯಿತು: ಬೇಸಿಗೆಯಲ್ಲಿ ಆ ಹುಲ್ಲುಗಾವಲುಗಳಲ್ಲಿ ಕೊರಳಗಂಟೆ ಕಟ್ಟಿದ ಹಸುಗಳು ಮೇಯುತ್ತಿರುತ್ತವೆ. ನಮ್ಮೂರಿನ ಅಭ್ಯಾಸದಲ್ಲಿ ಹತ್ತಿರ ಹೋಗಿ ಮೈದಡವಿ ನಮಸ್ಕರಿಸಲು ಹೋಗಬೇಡಿ. ಕರುವಿನ ಜೊತೆಗಿರುವ ಹಸು ಹಾಯುತ್ತದೆ. ದೂರದಿಂದಲೇ ಸುತ್ತಿ ಹೋಗಿ, ದಾಟಿದ ಗೇಟನ್ನು ಮತ್ತೆ ಮುಚ್ಚಿ.

ವಿಮೆಯ ವಿಷಯ. ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಆದರೆ ಕೆಲವು ಪಾಲಿಸಿಗಳು ಚಾರಣವನ್ನು ಸಾಹಸ ಕ್ರೀಡೆ ಎಂದು ಹೊರಗಿಡುತ್ತವೆ, ಮತ್ತೆ ಕೆಲವು ಮೊದಲೇ ಇದ್ದ ಕಾಯಿಲೆಗಳಿಗೆ ಅನ್ವಯಿಸುವುದಿಲ್ಲ. ಮಂಡಿನೋವು ಈ ಎರಡನೆಯ ಗುಂಪಿಗೆ ಸೇರೀತು. ಕಾಲ್ದಾರಿಯ ನಡಿಗೆ, ಹೆಲಿಕಾಪ್ಟರ್ ರಕ್ಷಣೆ, ಹಳೆಯ ನೋವು ಈ ಮೂರಕ್ಕೂ ಉತ್ತರವನ್ನು ಏಜೆಂಟರಿಂದ ಬರಹದಲ್ಲಿ ಪಡೆಯಿರಿ, ಬಾಯಿಮಾತು ಸಾಲದು. ಸ್ವಿಟ್ಜರ್ಲೆಂಡಿನ ವಾಯು ರಕ್ಷಣಾ ಸೇವೆಯಾದ ರೇಗಾದ ಸಂಖ್ಯೆ 1414, ಸಾಮಾನ್ಯ ತುರ್ತು ಕರೆಗೆ 112. ಹೆಲಿಕಾಪ್ಟರ್ ಕಂಡಾಗ ಸಹಾಯ ಬೇಕಿದ್ದರೆ ಮಾತ್ರ ಎರಡೂ ತೋಳುಗಳನ್ನು ಮೇಲಕ್ಕೆ ಚಾಚಿ ನಿಲ್ಲಬೇಕು. ನೋಡಿದ ಸಂತೋಷಕ್ಕೆ ಎರಡೂ ಕೈ ಎತ್ತಿದರೆ ಕರೆದಂತಾಗುತ್ತದೆ!

ಗೌರಿಬಿದನೂರಿನವ (ಈಗ ಥೂನ್ ವಾಸಿ)

ಟಿಕೆಟ್ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಒಂದು ತಿಂಗಳು ಮಗಳ ಮನೆಯಲ್ಲಿಯೇ ಇದ್ದು ಕೆಲವೇ ದಿನ ತಿರುಗುವ ನಿಮ್ಮಂಥವರಿಗೆ, ದಿನಲೆಕ್ಕದ ಸ್ವಿಸ್ ಟ್ರಾವೆಲ್ ಪಾಸ್‌ಗಿಂತ ಪ್ರವಾಸಿಗರಿಗಾಗಿ ಇರುವ ಒಂದು ತಿಂಗಳ ಅರ್ಧದರದ ಕಾರ್ಡು ಲಾಭದಾಯಕ. ಅದು ರೈಲಿಗೂ ಬಸ್ಸಿಗೂ ಬಹುತೇಕ ಕೇಬಲ್ ಕಾರುಗಳಿಗೂ ಅನ್ವಯಿಸುತ್ತದೆ. ಮುಂಚಿತವಾಗಿ ಕೊಂಡರೆ ಅಗ್ಗವಾಗುವ ಸೂಪರ್‌ಸೇವರ್ ಟಿಕೆಟ್‌ಗಳು ಅಂತರ್ಜಾಲದಲ್ಲಿ ಆಕರ್ಷಕವಾಗಿ ಕಾಣುತ್ತವೆ, ಆದರೆ ಅವು ನಿಗದಿತ ರೈಲಿಗೆ ಮಾತ್ರ ಸಲ್ಲುತ್ತವೆ. ಬೆಟ್ಟಕ್ಕೆ ಹೋಗುವ ದಿನವನ್ನು ಹವೆಯೇ ನಿರ್ಧರಿಸಬೇಕಾದ್ದರಿಂದ ಆ ಉಳಿತಾಯದ ಆಸೆ ಬೇಡ. ಒಂದು ವಾರದಲ್ಲಿ ಮೂರು ದಿನಗಳನ್ನು ಬಿಡುವಾಗಿ ಇಟ್ಟುಕೊಂಡು, ಹಿಂದಿನ ಸಂಜೆ ಮೆಟಿಯೊಸ್ವಿಸ್ ಆ್ಯಪ್‌ನಲ್ಲಿ ಕಾಂಡರ್‌ಸ್ಟೆಗ್‌ನ ಮುನ್ಸೂಚನೆಯನ್ನು ನೋಡಿ, ಮಧ್ಯಾಹ್ನ ಗುಡುಗಿನ ಗುರುತಿಲ್ಲದ ದಿನಕ್ಕೆ ಸಾಮಾನ್ಯ ಟಿಕೆಟ್ ತೆಗೆಯಿರಿ. ಶನಿವಾರ, ಭಾನುವಾರ ಬೇಡ. ಕೇಬಲ್ ಕಾರಿನ ಸಾಲು ಉದ್ದವಿರುತ್ತದೆ.

ಕೇಬಲ್ ಕಾರಿಗೆ ಹೋಗಿಬರುವ ಟಿಕೆಟ್ಟನ್ನೇ ಕೊಳ್ಳಿ. ಸರೋವರದಿಂದ ಕಾಂಡರ್‌ಸ್ಟೆಗ್‌ಗೆ ನಡೆದು ಇಳಿಯುವ ದಾರಿಯಿದೆ ಎಂದು ಅಲ್ಲಿ ಯಾರಾದರೂ ಹೇಳಿಯಾರು, ಆದರೆ ಅದೂ ನಾನೂರು ಮೀಟರಿನ ಇಳಿಜಾರೇ. ಬರುವ ವಾರ ನಿಶ್ಚಯವಾದ ಮೇಲೆ ಇಲ್ಲಿಯೇ ಒಂದು ಸಾಲು ಬರೆಯಿರಿ. ಹಾಯ್‌ಬೆರ್ಗ್ ದಾರಿ ತೆರೆದಿದೆಯೇ ಎಂಬುದನ್ನು ಆ ವೇಳೆಗೆ ವಿಚಾರಿಸಿ ತಿಳಿಸುತ್ತೇನೆ.