'ಟೆಲ್ ಮಿ' ಸರಿ, 'ಎಕ್ಸ್‌ಪ್ಲೇನ್ ಮಿ' ಯಾಕೆ ತಪ್ಪು?

ಡೊಂಬಿವಲಿ ಟ್ಯೂಷನ್:
7ನೇ ಕ್ಲಾಸಿನ ಮಕ್ಕಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. 'ಎಕ್ಸ್‌ಪ್ಲೇನ್ ಮಿ ದಿಸ್ ಸಮ್', 'ಓಪನ್ ಮಿ ದ ಡೋರ್' ಅಂತಾರೆ. ತಿದ್ದಿದ್ರೆ 'ಟೆಲ್ ಮಿ ಹೇಗೆ ಸರಿ?' ಅಂತ ಕೇಳ್ತಾರೆ. 'ರೂಢಿ ಹಾಗಿದೆ' ಅನ್ನೋದು ಬಿಟ್ಟು ಬೇರೆ ಉತ್ತರ ಇದೆಯಾ?

ಪಿಂಪ್ರಿ ವ್ಯಾಕರಣ:
ಇದೆ. ಪದಕ್ಕಿರೋ ಹಾಗೆ ವಾಕ್ಯದ ಅಚ್ಚಿಗೂ ಅರ್ಥ ಇರುತ್ತೆ. ಬೋರ್ಡ್ ಮೇಲೆ 'ಶಿ ಝಿಮ್ಡ್ ಹಿಮ್ ಎ ವಡಾಪಾವ್' ಅಂತ ಬರೀರಿ. ಝಿಮ್ ಅನ್ನೋ ಕ್ರಿಯಾಪದವೇ ಇಲ್ಲ, ಆದರೂ 'ಕೊಟ್ಟಳು' ಅಂತ ಊಹಿಸೋದು ಸುಲಭ. ಆ ಅರ್ಥ ಬಂದದ್ದು ಪಕ್ಕಪಕ್ಕ ಕೂತ ಎರಡು ಕರ್ಮಗಳಿಂದ ('ಹಿಮ್', 'ಎ ವಡಾಪಾವ್'). ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ 1995ರಲ್ಲೇ ಇದನ್ನು ವಿಸ್ತಾರವಾಗಿ ವಾದಿಸಿದ್ದಾರೆ.

ನಮ್ಮವರು ಎಡವೋದು 'ಗೆ' ಪ್ರತ್ಯಯದಲ್ಲಿ. 'ಅಕ್ಕನಿಗೆ ಪಾರ್ಸೆಲ್ ಕಳಿಸಿದೆ', 'ಠಾಣೆಗೆ ಪಾರ್ಸೆಲ್ ಕಳಿಸಿದೆ', ಎರಡಕ್ಕೂ ಒಂದೇ ವಿಭಕ್ತಿ. ಮರಾಠಿಯೂ ಕೈ ಹಿಡಿಯಲ್ಲ: 'ದಾದಾಲಾ', 'ಪುಣ್ಯಾಲಾ', ಎಲ್ಲಕ್ಕೂ 'ಲಾ'. ಇಂಗ್ಲಿಷಿನಲ್ಲಿ 'ಐ ಸೆಂಟ್ ಮೈ ಸಿಸ್ಟರ್ ಎ ಪಾರ್ಸೆಲ್' ನಡೆಯುತ್ತೆ, 'ಐ ಸೆಂಟ್ ಠಾಣೆ ಎ ಪಾರ್ಸೆಲ್' ನಡೆಯಲ್ಲ. ಕ್ರಿಯಾಪದದ ಪಕ್ಕದ ಆ ಜಾಗದಲ್ಲಿ ಕೂರೋದಕ್ಕೆ ಪಡೆಯೋ ಯೋಗ್ಯತೆ ಬೇಕು. ಠಾಣೆ ಅಂದ್ರೆ ಅಲ್ಲಿನ ಆಫೀಸಿನವರು ಅಂತಾದರೆ ಓಡುತ್ತೆ.

ಬಾಗಿಲಿನದು 'ಕೊಡು' ತಂದ ಫಜೀತಿ. 'ಬಾಗಿಲು ತೆಗೆದುಕೊಡು' ಅಂದಾಗ ಆ 'ಕೊಡು' ಬರೀ ಉಪಕಾರ, ಬಾಗಿಲು ಯಾರ ಕೈಗೂ ಬರಲ್ಲ. 'ಮೇಕ್ ಮಿ ಎ ದೋಸೆ' ಅನ್ನಬಹುದು, ದೋಸೆ ತಟ್ಟೆಗೆ ಬೀಳುತ್ತಲ್ಲ!

ಮಡಗಾಂವ್ ಮೇಷ್ಟ್ರು:
ಒಪ್ಪಿದೆ ಸರ್, ಆದರೆ ಇಷ್ಟಕ್ಕೇ 'ಎಕ್ಸ್‌ಪ್ಲೇನ್' ಬಗೆಹರಿಯಲಿಲ್ಲ. ವಿವರಣೆಯೂ ಕೇಳಿದವರನ್ನು ತಲುಪುತ್ತಲ್ಲ? ಇಲ್ಲಿ ಪದದ ಮೂಲ ನೋಡಬೇಕು. ಗಿವ್, ಟೆಲ್, ಶೋ, ಸೆಂಡ್ ಇಂಗ್ಲಿಷಿನ ಹಳೇ ಬೇರಾದ ಜರ್ಮ್ಯಾನಿಕ್ ಮೂಲದ ಚಿಕ್ಕ ಪದಗಳು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್ ಲ್ಯಾಟಿನ್ ಕಡೆಯವು, ಉಚ್ಚಾರದ ಒತ್ತು ಮೊದಲ ತುಂಡಿನ ಮೇಲೆ ಬೀಳಲ್ಲ. ಇವಕ್ಕೆ 'ಟು' ಬೇಕು. 'ಆಫರ್', 'ಪ್ರಾಮಿಸ್' ಲ್ಯಾಟಿನ್ ಮೂಲದವೇ ಆದರೂ ಒತ್ತು ಮೊದಲಿಗೇ ಇರೋದರಿಂದ ನುಸುಳಿಕೊಂಡಿವೆ. 'ಅಸೈನ್' ಥರದವು ಈ ಲೆಕ್ಕಕ್ಕೆ ಸಿಗಲ್ಲ, ಒತ್ತು ಮೊದಲಿಗಿಲ್ಲದಿದ್ದರೂ 'ಟು' ಇಲ್ಲದೆ ನಡೆಯುತ್ತವೆ, ಬಾಯಿಪಾಠವೇ ಗತಿ.

ಡೊಂಬಿವಲಿ ಟ್ಯೂಷನ್:
ಇದೆಲ್ಲ ಮಕ್ಕಳ ತಲೆಗೆ ಹತ್ತಿಸೋದು ಹೇಗೆ?

ಪಿಂಪ್ರಿ ವ್ಯಾಕರಣ:
ಲ್ಯಾಟಿನ್ ಕಥೆ ಮಕ್ಕಳಿಗೆ ಬೇಡ ಮೇಡಂ. ವಾರಕ್ಕೆ 6 ಕ್ರಿಯಾಪದ ಸಾಕು, ಅದೂ ಜೋಡಿಯಲ್ಲಿ: ಟೆಲ್ ಜೊತೆ ಎಕ್ಸ್‌ಪ್ಲೇನ್, ಶೋ ಜೊತೆ ರಿವೀಲ್, ಗಿವ್ ಜೊತೆ ಕಾಂಟ್ರಿಬ್ಯೂಟ್. ಒಂದೇ ಸಂಗತಿಯನ್ನು ಎರಡರಲ್ಲೂ ಬರೆಸಿ. 'ಟು' ಕಲಿತ ಮೇಲೆ 'ಎಕ್ಸ್‌ಪ್ಲೇನ್ ಟು ಮಿ ದ ಸಮ್' ಅಂತ ಶುರು ಮಾಡ್ತಾರೆ, ಅದಕ್ಕೂ ತಯಾರಿರಿ. 'ದ ಸಮ್' ಮೊದಲು, 'ಟು ಮಿ' ಆಮೇಲೆ. 'ಹೌ ದಿಸ್ ಸಮ್ ವರ್ಕ್ಸ್' ಅಂತ ಬಾಲ ಉದ್ದವಾದಾಗ ಮಾತ್ರ 'ಟು ಮಿ' ಮುಂದೆ ಬರಲಿ.