ಮರನೋ ಕಾಂಕ್ರೀಟೋ? ಒಂದೇ ಬಿಲ್ಡಿಂಗಿಗೆ ಎರಡು ಟೂಲು, ಎರಡು ಉತ್ತರ

ತೊಲೆಕಂಬ:
ಎಲ್ರಿಗೂ ನಮಸ್ಕಾರ, ಒಂದು ಡೌಟು. ನಾಲ್ಕು ಮಹಡಿ ಆಫೀಸ್ ಬಿಲ್ಡಿಂಗಿಗೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಮಾಡ್ತಾ ಇದೀನಿ (ಸಾಮಗ್ರಿ ತಯಾರಿಯಿಂದ ಕೆಡವೋವರೆಗೆ ಸಿಒ2 ಎಷ್ಟು ಅನ್ನೋ ಲೆಕ್ಕ), ಒಂದು ಆಪ್ಷನ್ ಕಾಂಕ್ರೀಟ್ ಫ್ರೇಮು, ಇನ್ನೊಂದು ಮರದ್ದು. ಮೊದಲ್ನೇ ಟೂಲಲ್ಲಿ ಮರದ ಲೆಕ್ಕ ಮೈನಸ್‌ಗೇ ಹೋಗ್ತಿದೆ, ಅಂದ್ರೆ ಕಟ್ಟಿದಷ್ಟೂ ಭೂಮಿಗೆ ಉಪಕಾರ ಅನ್ನೋ ಥರ!! ಅದೇ ಕ್ವಾಂಟಿಟಿ ಇನ್ನೊಂದು ಟೂಲಿಗೆ ಕೊಟ್ರೆ ಎರಡಕ್ಕೂ ಅಂತರ ಅಷ್ಟೇನಿಲ್ಲ. ಕ್ಲೈಂಟು ಒಂದೇ ನಂಬರ್ ಕೊಡಿ ಅಂತ ಕೂತಿದಾರೆ. ಯಾವ್ದನ್ನ ನಂಬ್ಲಿ?

ಸುಣ್ಣದಗೂಡು:
ಎರಡೂ ಸುಳ್ಳು ಹೇಳ್ತಿರಲ್ಲ, ಎಲ್ಲಿಂದ ಎಲ್ಲೀವರೆಗೆ ಲೆಕ್ಕ ಹಾಕಿದೆ ಅನ್ನೋದು ಬೇರೆ ಇರುತ್ತೆ ಅಷ್ಟೆ. ಒಣ ಮರದ ತೂಕದಲ್ಲಿ ಹತ್ತಿರ ಅರ್ಧ ಕಾರ್ಬನ್ನೇ, ಅಂದ್ರೆ 1 ಕೆಜಿ ಮರ ಬೆಳೀತಾ ಸುಮಾರು 1.8 ಕೆಜಿ ಸಿಒ2 ಹೀರ್ಕೊಂಡಿರುತ್ತೆ. ಎ1-ಎ3 ಮಾತ್ರ ನೋಡಿದ್ರೆ, ಅಂದ್ರೆ ಫ್ಯಾಕ್ಟರಿ ಗೇಟ್‌ವರೆಗೆ, ಅದೆಲ್ಲ ಮೈನಸ್ ಆಗಿ ಕಾಣುತ್ತೆ. ಆದ್ರೆ ಬಿಲ್ಡಿಂಗ್ ಕೆಡವಿದ ಮೇಲೆ ಆ ಮರ ಸುಟ್ರೂ ಸರಿ, ಬೇರೆಯವರು ಮರುಬಳಕೆಗೆ ತಗೊಂಡು ಹೋದ್ರೂ ಸರಿ, ಸಿ ಮಾಡ್ಯೂಲಲ್ಲಿ, ಅಂದ್ರೆ ಕೆಡವೋ ಹಂತದ ಲೆಕ್ಕದಲ್ಲಿ, ಅಷ್ಟನ್ನೂ ವಾಪಸ್ ಪ್ಲಸ್ ಮಾಡ್ಬೇಕು, ಇಎನ್ 15804 ಅನ್ನೋ ಯುರೋಪಿಯನ್ ಸ್ಟ್ಯಾಂಡರ್ಡಿನ ರೂಲೇ ಅದು. ನಿಮ್ಮ ಮೊದಲ್ನೇ ಟೂಲು ಸಿ ತಗೊಂಡಿದ್ಯಾ ನೋಡಿ. ಆಮೇಲೆ ಡಿ ಮಾಡ್ಯೂಲು, ಅದು ಮರುಬಳಕೆ ಇಂಥದ್ರಿಂದ ಮುಂದೆ ಯಾವಾಗ್ಲೋ ಸಿಗೋ ಲಾಭ, ಅದನ್ನ ಟೋಟಲ್‌ಗೆ ಸೇರಿಸೋ ಹಾಗಿಲ್ಲ, ಪಕ್ಕದಲ್ಲಿ ಬೇರೆ ತೋರಿಸ್ಬೇಕು. ಎಷ್ಟೋ ರಿಪೋರ್ಟ್‌ಗಳಲ್ಲಿ ಸದ್ದಿಲ್ದೆ ಸೇರ್ಸಿರ್ತಾರೆ, ನೋಡಿದ್ರೆ ಮೈ ಉರಿಯುತ್ತೆ.

ತೊಲೆಕಂಬ:
ಹೌದು, ಅದ್ರಲ್ಲಿ ಡೀಫಾಲ್ಟೇ ಎ1-ಎ3 ಇದೆ. ಸಿ ಆನ್ ಮಾಡಿದ್ ತಕ್ಷಣ ಮೈನಸ್ ಮಾಯ, ಆದ್ರೂ ಮರನೇ ಸ್ವಲ್ಪ ಮುಂದಿದೆ. ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯೋ ಕಿಟ್ಟ) ಬೆರೆಸಿದ ಸಿಮೆಂಟ್ ಹಾಕಿದ್ರೆ ಕಾಂಕ್ರೀಟೂ ಹತ್ರ ಬರುತ್ತೆ, ಅದನ್ನೇ ಬರೆದುಬಿಡ್ಲಾ?

ಕಂಬಿಲೆಕ್ಕ:
ಸ್ಟ್ರಕ್ಚರ್ ಕಡೆಯವನು ನಾನು. ಸ್ಲ್ಯಾಗ್ ಬರೋದು ಕಬ್ಬಿಣದ ಬ್ಲಾಸ್ಟ್ ಫರ್ನೇಸಿಂದ, ಸಿಗೋದೇ ಇಷ್ಟು ಅಂತ ಇದೆ, ಅದ್ರಲ್ಲೂ ಬಹುಪಾಲು ಈಗಾಗ್ಲೇ ಖರ್ಚಾಗ್ತಿದೆ, ನೀವು ಜಾಸ್ತಿ ತಗೊಂಡ್ರೆ ಬೇರೆಯವ್ರಿಗೆ ಕಮ್ಮಿ, ನಿಮ್ಮ ರಿಪೋರ್ಟ್ ಚಂದ ಕಾಣುತ್ತೆ ಗಾಳಿಗೇನೂ ಪ್ರಯೋಜನ ಇಲ್ಲ. ಸಿಮೆಂಟಿನ ತಾಪತ್ರಯ ಬರೀ ಇಂಧನದ್ದಲ್ಲ, ಸುಣ್ಣಕಲ್ಲು ಬೇಯಿಸಿದ್ರೆ 100 ಕೆಜಿಗೆ 44 ಕೆಜಿ ಸಿಒ2 ಕಲ್ಲಿನೊಳಗಿಂದಾನೇ ಹೊರಗ್ಬರುತ್ತೆ, ಗೂಡಿಗೆ ಸೋಲಾರ್ ಕರೆಂಟ್ ಕೊಟ್ರೂ ಅದು ನಿಲ್ಲಲ್ಲ. ಹಾಗಾಗಿ ಕ್ಲಿಂಕರ್, ಅಂದ್ರೆ ಸುಣ್ಣಕಲ್ಲು ಬೇಯಿಸಿ ಮಾಡೋ ಸಿಮೆಂಟಿನ ಮೂಲ ಉಂಡೆ, ಕಮ್ಮಿ ಮಾಡೋದೇ ದಾರಿ. ಎಲ್‌ಸಿ3 ಅನ್ನೋ ಸಿಮೆಂಟ್ ಸಿಕ್ಕಿದ್ರೆ ನೋಡಿ, ಅರ್ಧದಷ್ಟೇ ಕ್ಲಿಂಕರ್, ಉಳಿದಿದ್ದು ಹೆಚ್ಚಾಗಿ ಸುಟ್ಟ ಜೇಡಿ ಮತ್ತೆ ಸುಣ್ಣಕಲ್ಲಿನ ಪುಡಿ.

ಆದ್ರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ, ನಿಮ್ಮ ಕಂಬಗಳ ಅಂತರ ಎಷ್ಟು? ಫ್ರೇಮಲ್ಲಿ ಹೆಚ್ಚು ಕಾಂಕ್ರೀಟ್ ತಿನ್ನೋದು ಸ್ಲ್ಯಾಬು. 9 ಮೀಟರ್ ಇದ್ದಿದ್ದನ್ನ 6ಕ್ಕೆ ಇಳಿಸಿದ್ರೆ ಸ್ಲ್ಯಾಬು ತೆಳ್ಳಗಾಗುತ್ತೆ, ತೂಕ ಇಳಿಯುತ್ತೆ, ಫೌಂಡೇಶನ್ನೂ ಚಿಕ್ಕದಾಗುತ್ತೆ. ಕಾಂಕ್ರೀಟಿಗೂ ಅದೇ ಮರಕ್ಕೂ ಅದೇ. ಎರಡು ಆಪ್ಷನ್ನಿಗೂ ಒಂದೇ ಗ್ರಿಡ್ಡು (ಕಂಬಗಳ ಅಂತರ), ಒಂದೇ ಲೋಡು, ಫೈರ್ ರೇಟಿಂಗ್ ಒಂದೇ ಇಟ್ಕೊಂಡಿದೀರಾ? ಮರಕ್ಕೆ ಹಾಕೋ ಜಿಪ್ಸಮ್ ಬೋರ್ಡು, ಸದ್ದು ತಡೆಯೋಕೆ ನೆಲದ ಮೇಲೆ ಸುರಿಯೋ ಸ್ಕ್ರೀಡು ಲೆಕ್ಕಕ್ಕೆ ಬಂದಿಲ್ಲ ಅಂದ್ರೆ ಹೋಲಿಕೆನೇ ಅಲ್ಲ ಅದು.

ಗಾಳಿಕಿಟಕಿ:
ಎಲ್ರೂ ಫ್ರೇಮಿಗೇ ಅಂಟ್ಕೊಂಡ್ರಲ್ಲ. ಎಸಿ ಗ್ಯಾಸ್ ಬಿ1ರಲ್ಲಿ, ಅಂದ್ರೆ ಬಳಕೆ ಹಂತದ ಲೆಕ್ಕದಲ್ಲಿ, ಹಾಕಿದೀರಾ? ಆರ್-410ಎ ಆದ್ರೆ 1 ಕೆಜಿ ಸೋರಿದ್ರೂ 2 ಟನ್ ಸಿಒ2ಗೆ ಸಮ. ಒಳಗಿನ ಪಾರ್ಟಿಷನ್, ಕಾರ್ಪೆಟ್, ಸೀಲಿಂಗ್ ಎಲ್ಲ 60 ವರ್ಷದಲ್ಲಿ ಎಷ್ಟ್ ಸಲ ಬದಲಾಗುತ್ತೆ, ಅದು ಬಿ4, ಆಫೀಸಲ್ಲಂತೂ ಸಣ್ಣ ಲೆಕ್ಕ ಅಲ್ಲ.

ತೊಲೆಕಂಬ:
ಗ್ರಿಡ್ 8.4 ಮೀಟರ್ ಇದೆ, ಬೇಸ್‌ಮೆಂಟಿನ ಕಾರ್ ಪಾರ್ಕಿಂಗಿಗೆ ಅಂತ ಫಿಕ್ಸ್ ಮಾಡಿದ್ದು. ಆರ್ಕಿಟೆಕ್ಟ್ ಹತ್ರ ಮಾತಾಡ್ತೀನಿ. ಒಂದೇ ನಂಬರ್ ಕೊಡಲ್ಲ, ಎ, ಬಿ, ಸಿ ಬೇರೆ ಬೇರೆ, ಡಿ ಪಕ್ಕದಲ್ಲಿ.

ಕಂಬಿಲೆಕ್ಕ:
ಪಾರ್ಕಿಂಗ್ ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತಾ ಅಂತ ಮೊದ್ಲು ಕೇಳಿ. ಬೇಸ್‌ಮೆಂಟ್ ತೆಗೆದ್ರೆ ಅದರ ಮಣ್ಣು ತಡೆಯೋ ರಿಟೇನಿಂಗ್ ವಾಲ್, ತಳದ ರಾಫ್ಟ್ ಕಾಂಕ್ರೀಟ್ ಅಷ್ಟೂ ಹೋಗುತ್ತೆ, ಗ್ರಿಡ್ಡೂ ಫ್ರೀ ಆಗುತ್ತೆ.