ನಿಕೋಟಿನ್ ಇಲ್ಲದ ವೇಪ್ ಸೇದಿದ್ದೆ, ಮಗುವಿನ ಮುಖಕ್ಕೆ ತೊಂದರೆ ಆಗುತ್ತಾ?

ಪ್ರಶ್ನೆ (ಬೆಂಗಳೂರಿನ ಸದಸ್ಯೆ):
ಡಾಕ್ಟ್ರೇ, ನನಗೀಗ ಒಂಬತ್ತನೇ ವಾರ. ಕೆಲಸದ ಒತ್ತಡಕ್ಕೆ ವೇಪ್, ಅಂದರೆ ಇ-ಸಿಗರೇಟ್ ಅಭ್ಯಾಸವಾಗಿತ್ತು. ಮಾವಿನಹಣ್ಣಿನ ಫ್ಲೇವರ್, ಮೇಲೆ ‘ನಿಕೋಟಿನ್ ಇಲ್ಲ’ ಅಂತ ಬರೆದಿತ್ತು. ಬಸಿರು ಅಂತ ಗೊತ್ತಾದ ಮೇಲೂ ಆಗೊಮ್ಮೆ ಈಗೊಮ್ಮೆ ಸೇದಿದ್ದೇನೆ. ಮಗುವಿನ ಮುಖ, ಮೂಳೆಗೆ ತೊಂದರೆ ಅಂತ ಓದಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿದ್ದೆ ಬರ್ತಿಲ್ಲ.

ಉತ್ತರ (ಪ್ರಸೂತಿ ತಜ್ಞೆ):
ಕೇಳಿದ್ದು ಒಳ್ಳೆಯದಾಯಿತಮ್ಮ. ಇವತ್ತಿನಿಂದಲೇ ಪೂರ್ತಿ ನಿಲ್ಲಿಸಿ.

ನೀವು ಓದಿದ್ದು ಬಹುಶಃ 2025ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿಯವರು ಪ್ರಕಟಿಸಿದ ಇಲಿಗಳ ಅಧ್ಯಯನ. ವೇಪ್ ದ್ರವದಲ್ಲಿ ಮುಖ್ಯವಾಗಿ ಇರುವುದು ಪ್ರೊಪೈಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಬಸುರಿ ಇಲಿಗಳಿಗೆ ನಿಕೋಟಿನ್ ಸೇರಿಸದೆ ಬರೀ ಇವೆರಡರ ಆವಿ ಕೊಟ್ಟರು. ಆವಿಯ ದ್ರವದಲ್ಲಿ ನೂರಕ್ಕೆ 70 ಪಾಲು ಗ್ಲಿಸರಿನ್ ಇದ್ದ ಗುಂಪಿನ ಮರಿಗಳ ತಲೆಬುರುಡೆ ಚಿಕ್ಕದಾಗಿತ್ತು, ಮುಖ ಕಿರಿದಾಗಿತ್ತು. ಅದಕ್ಕೇ ‘ನಿಕೋಟಿನ್ ಇಲ್ಲ’ ಅನ್ನೋ ಲೇಬಲ್ ನೋಡಿ ಧೈರ್ಯ ತಗೋಬೇಡಿ ಅನ್ನುತ್ತೇನೆ. ನಮ್ಮಲ್ಲಿ 2019ರಿಂದ ಇ-ಸಿಗರೇಟ್ ಮಾರಾಟಕ್ಕೇ ನಿಷೇಧವಿದೆ. ಕದ್ದು ಮಾರುವ ಮಾಲಿನ ಲೇಬಲ್ಲನ್ನು ಪರೀಕ್ಷೆ ಮಾಡುವವರು ಯಾರು?

ಮುಖ ಹೇಗೆ ಮೂಡುತ್ತೆ ಅಂತ ಗೊತ್ತಾದರೆ ನಮಗೆ ಯಾಕೆ ಇಷ್ಟು ಕಾಳಜಿ ಅಂತ ತಿಳಿಯುತ್ತದೆ. ದವಡೆ, ಕೆನ್ನೆ ಮೂಳೆ ಕಟ್ಟುವ ಕೋಶಗಳು ಭ್ರೂಣದ ಬೆನ್ನಿನ ಕಡೆಯಿಂದ ಸರಿದು ಮುಂದಕ್ಕೆ ಬರುತ್ತವೆ. ಎಡ, ಬಲ, ಮಧ್ಯದ ತುಣುಕುಗಳು ಬೆಳೆದು ಒಂದಕ್ಕೊಂದು ಕೂಡುತ್ತವೆ. ನಿಮ್ಮ ಮೂಗಿನ ಕೆಳಗಿನ ಸಣ್ಣ ತಗ್ಗನ್ನು ಮುಟ್ಟಿ ನೋಡಿ, ಕೂಡುವ ಕೆಲಸ ನಡೆದದ್ದು ಅಲ್ಲೇ. ಸರಿಯಾಗಿ ಕೂಡದಿದ್ದರೆ ಸೀಳು ತುಟಿ. ಇದೆಲ್ಲ ಶುರುವಾಗುವ ಹೊತ್ತಿಗೆ ಎಷ್ಟೋ ಜನರಿಗೆ ಬಸಿರು ಅಂತಲೇ ಗೊತ್ತಿರುವುದಿಲ್ಲ. ಸಿಗರೇಟಿನಿಂದ ಸೀಳು ತುಟಿಯ ಅಪಾಯ ಹೆಚ್ಚುತ್ತದೆ ಅನ್ನುವುದು ಮನುಷ್ಯರಲ್ಲೇ ಸಾಬೀತಾಗಿದೆ. ವೇಪ್ ವಿಷಯದಲ್ಲಿ ಇಲಿ, ಕಪ್ಪೆಗಳ ಭ್ರೂಣದಲ್ಲಿ ಕಂಡದ್ದು ನಿಮ್ಮ ಮಗುವಿಗೂ ಆಗಿಯೇ ಆಗುತ್ತೆ ಅಂತ ಹೇಳಲು ಬರುವುದಿಲ್ಲ. ಅಧ್ಯಯನದ ಇಲಿಗಳಿಗೆ ದಿನಕ್ಕೆ ಗಂಟೆಗಟ್ಟಲೆ ಆವಿ ಕೊಟ್ಟಿದ್ದರು ಅನ್ನುವುದೂ ನೆನಪಿರಲಿ.

ಇನ್ನೊಬ್ಬ ಸದಸ್ಯೆ:
ಮೇಡಂ, ಲಂಡನ್ನಿನಲ್ಲಿರುವ ನಮ್ಮ ಅತ್ತಿಗೆಗೆ ಅಲ್ಲಿನ ಮಿಡ್‌ವೈಫ್ ಸಿಗರೇಟಿಗಿಂತ ವೇಪ್ ವಾಸಿ ಅಂದರಂತೆ?

ಉತ್ತರ:
ಸಿಗರೇಟ್ ಬಿಡಲು ಒದ್ದಾಡುತ್ತಿರುವ ಬಸುರಿಯರಿಗೆ ಅಲ್ಲಿ ಹಾಗೆ ಹೇಳುತ್ತಾರೆ, ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಇರುವುದರಿಂದ. ಅವರಿಗೂ ಮೊದಲ ಆಯ್ಕೆ ನಿಕೋಟಿನ್ ಪ್ಯಾಚ್, ಗಮ್. ಇಲ್ಲಿ ಪ್ರಶ್ನೆ ಕೇಳಿದವರಿಗೆ ಆ ಮಾತು ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತಾ ಡಾಕ್ಟ್ರೇ? ನಮ್ಮ ಡಾಕ್ಟರಿಗೆ ಹೇಳಲೇಬೇಕಾ?

ಉತ್ತರ:
ಹೇಳಲೇಬೇಕು. ಅವರೊಬ್ಬರಿಗೇ ಹೇಳಬೇಕು ಅನ್ನಿಸಿದರೆ ಒಬ್ಬರೇ ಒಳಗೆ ಹೋಗಿ ಮಾತಾಡಿ. 18ರಿಂದ 20ನೇ ವಾರದ ಅನಾಮಲಿ ಸ್ಕ್ಯಾನಿನಲ್ಲಿ (ಮಗುವಿನ ಅಂಗಾಂಗ ಸರಿಯಾಗಿವೆಯೇ ಅಂತ ನೋಡುವ ಸ್ಕ್ಯಾನ್) ತುಟಿ, ಮುಖವನ್ನು ವಿಶೇಷವಾಗಿ ನೋಡುತ್ತಾರೆ. ಸೀಳು ತುಟಿ ಇದ್ದರೆ ಸಾಮಾನ್ಯವಾಗಿ ಕಾಣುತ್ತದೆ, ಬರೀ ಅಂಗುಳದ ಸೀಳು ತಪ್ಪಿ ಹೋಗಬಹುದು. ಫೋಲಿಕ್ ಆ್ಯಸಿಡ್ ಮಾತ್ರೆ ಬಿಡಬೇಡಿ. ಸೇದಬೇಕು ಅನ್ನಿಸಿ ಕೈ ಮತ್ತೆ ಅತ್ತ ಹೋದರೆ 1800-112-356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ.